ಬಾಯ್ಲರ್ ಮಾದಮ್ಮನ ಸಿಟ್ಟು

ಕಾಮಗೆರೆಯಲ್ಲಿ ಬಸ್ಸಿಳಿದು ಚಿಕ್ಕಮಾದಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಬಾಯ್ಲರ್ ಮಾದಮ್ಮ ಎಂದರೆ ಸಾಕು, ಹನೂರು ರಸ್ತೆಯ ಕಡೆ ಕೈ ಚಾಚಿ ಪಂಕ್ಚರ್ ಅಂಗಡಿಯ ಪಕ್ಕದ ಹಸಿರು ಷಟರ್ ತೋರಿಸುತ್ತಾರೆ. ಅದರ ಮೇಲಿನ ಬೋರ್ಡಿನಲ್ಲಿ ‘ಮಂಟೇಸ್ವಾಮಿ ಬ್ರಾಯ್ಲರ್ ಚಿಕನ್ ಸೆಂಟರ್’ ಎಂದು ಬರೆಸಿದೆ. ಮಂಟೇಸ್ವಾಮಿ ಅವಳ ಗಂಡ, ಈಗಿಲ್ಲ. ಬ್ರಾಯ್ಲರ್ ಎಂಬ ಮಾತೂ ಬೋರ್ಡಿನ ಮೇಲೆ ಮಾತ್ರ ಉಳಿದಿದೆ. ಊರಿನ ನಾಲಗೆ ಅದನ್ನು ಮೊದಲ ವಾರವೇ ಬಾಯ್ಲರ್ ಮಾಡಿಕೊಂಡಿತ್ತು.

ಮಂಟೇಸ್ವಾಮಿ ಅಂಗಡಿ ತೆರೆದ ಕಾಲಕ್ಕೆ ಕೋಳಿ ಎಂದರೆ ಹಿತ್ತಲಲ್ಲಿ ಕೆದಕಿಕೊಂಡು ತಿರುಗುವ ನಾಟಿ ಕೋಳಿ. ಅದನ್ನು ಹಿಡಿಯಬೇಕಾದರೆ ಮನೆಮಂದಿಯೆಲ್ಲ ಓಡಬೇಕು. ಕುಯ್ಯುವುದಾದರೂ ಎಂದು? ನೆಂಟರು ಬಂದಾಗ, ದೇವರಿಗೆ ಹರಕೆ ಇದ್ದಾಗ. ಪಂಜರದೊಳಗೆ ಮೈಬಿಟ್ಟುಕೊಂಡು ಕೂತ ಬಿಳಿ ಕೋಳಿಗಳನ್ನು ನೋಡಲೆಂದೇ ಜನ ಬಂದರು. “ಇದೇನ್ಲಾ ಮಂಟಯ್ಯ, ಅತ್ತಿ ತುಂಬಿದ್ ದಿಂಬು ಇದ್ದಂಗದೆ” ಎಂದು ನಕ್ಕರು. ನಕ್ಕವರೇ ಮುಂದಿನ ಭಾನುವಾರ ಪಾತ್ರೆ ಹಿಡಿದು ಬಂದರು.

ಕೋಳಿಯ ಹಿಂದೆಯೇ ಅದರ ಹೆಸರೂ ಮನೆಮನೆ ಹೊಕ್ಕಿತು. ಮೊದಲ ಮಳೆಗೆ ನೆಗಡಿ ಹಿಡಿಸಿಕೊಂಡ ಮಗು ಬಾಯ್ಲರ್ ಮಗುವಾಯಿತು. ಮೂಟೆ ಎತ್ತಲಾರದೆ ಏದುಸಿರು ಬಿಟ್ಟ ಹೊಸ ಅಳಿಯ ಬಾಯ್ಲರ್ ಅಳಿಯನಾದ. ನರ್ಸರಿಯಿಂದ ತಂದು ನೆಟ್ಟ ಸಸಿ ಬಿಸಿಲಿಗೆ ಬಾಡಿದರೆ ಅದೂ ಬಾಯ್ಲರ್ ಸಸಿ. ತಿನ್ನುವುದಕ್ಕೆಂದೇ ಒಂದೂವರೆ ತಿಂಗಳಲ್ಲಿ ಮೇಯಿಸಿ ಕೊಬ್ಬಿಸಿದ ಹಕ್ಕಿಯ ಹೆಸರು, ನೋಡಲು ದಪ್ಪಗಿದ್ದು ಒಳಗೆ ಕಸುವಿಲ್ಲದ ಎಲ್ಲದಕ್ಕೂ ಅಂಟಿಕೊಂಡಿತು. ಚಿಕ್ಕಮಾದಮ್ಮನಿಗೆ ಅಂಟಿದ್ದು ಮಾತ್ರ ಕಸುಬಿನಿಂದ. ಅವಳು ಕಡ್ಡಿಯಂತಿದ್ದಳು, ಈಗಲೂ ಹಾಗೆಯೇ ಇದ್ದಾಳೆ. ಆ ಹೆಸರಿನಿಂದ ಕರೆದರೆ ಅವಳಿಗೆ ಬೇಸರವಿರಲಿಲ್ಲ.

ಮಗಳು ನಾಗಶ್ರೀ ಹೈಸ್ಕೂಲಿನಲ್ಲಿದ್ದಾಗ ಮಂಟೇಸ್ವಾಮಿ ಕಾಮಾಲೆಯಿಂದ ತೀರಿಕೊಂಡ. ತಿಥಿ ಮುಗಿದ ಮಾರನೆಯ ದಿನ ಮೈದುನ ಬಂದು ಜಗುಲಿಯ ಮೇಲೆ ಕೂತ.

“ಅತ್ತಿಗೆ, ಅಂಗ್ಡೀನ ಯಾರ್ಗಾರ ಬಾಡ್ಗೆಗೆ ಕೊಟ್ಬುಡು. ಎಂಗ್ಸು ಕೋಳಿ ಕುಯ್ದ್ರೆ ಊರ್ಗೇ ಆಗಲ್ಲ ಕನ.”

“ಊರ್ಗಾಗಲ್ವಾ? ಉಣ್ಣಕ್ಕಾಯ್ತದಾ ಊರ್ಗೆ?” ಎಂದಳು ಚಿಕ್ಕಮಾದಮ್ಮ. ಎದ್ದು ಹೋಗಿ ಷಟರ್ ಎತ್ತಿದಳು. ಅವಳ ಕೈ ಕುಯ್ದ ಮೊದಲ ಕೋಳಿ ಅರೆಬರೆ ಕುತ್ತಿಗೆಯಲ್ಲಿ ರಸ್ತೆಗೆ ಹಾರಿತು. ಎಡಗೈ ಹೆಬ್ಬೆರಳೂ ಸೀಳಿತು. ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೆರಳಿಗೆ ಬಟ್ಟೆ ಸುತ್ತಿ ಆ ಕೋಳಿಯನ್ನೇ ಹಿಡಿದು ತಂದು ಕೆಲಸ ಮುಗಿಸಿದಳು. ಆ ದಿನ ಅವಳ ಕೈ ನಡೆಸಿದ್ದು ಧೈರ್ಯವಲ್ಲ, ಶುದ್ಧ ಸಿಟ್ಟು. ಆಮೇಲೆ ಸಿಟ್ಟು ಅವಳ ಕಸುಬಿನ ಭಾಗವೇ ಆಗಿಹೋಯಿತು. ಪುಕ್ಕಟೆ ಲಿವರ್ ಕೇಳಿದವರಿಗೆ ಬೈದಳು, ಸರದಿ ತಪ್ಪಿಸಿ ನುಗ್ಗಿದವರಿಗೆ ಮಚ್ಚು ತೋರಿಸಿದಳು. ಬೈಸಿಕೊಂಡವರು ನಗುತ್ತ ನಿಂತಿರುತ್ತಿದ್ದರು. ಬಾಯ್ಲರ್ ಮಾದಮ್ಮನ ಸಿಟ್ಟು ಊರಿಗೆ ಒಂದು ತಮಾಷೆಯಾಗಿತ್ತು.

ನಾಗಶ್ರೀ ತಾಯಿಯಂತಿರಲಿಲ್ಲ. ಅಪ್ಪನ ಕಡೆಯವರ ಎತ್ತರ, ಅಗಲವಾದ ಭುಜ, ತುಂಬಿದ ಮೈ. ಮೈನೆರೆದ ಮೇಲೆ ಇನ್ನಷ್ಟು ತುಂಬಿತು. ಥೈರಾಯ್ಡ್ ಎಂದು ಡಾಕ್ಟರು ಹೇಳಿದರು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ. ನರ್ಸಿಂಗ್ ಓದಿ ಕೊಳ್ಳೇಗಾಲದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದಳು. ಬೇರೆ ನರ್ಸುಗಳು ಇಬ್ಬರು ಸೇರಿ ಹೊರಳಿಸುತ್ತಿದ್ದ ರೋಗಿಯನ್ನು ಇವಳು ಒಬ್ಬಳೇ ಎತ್ತಿ ಕೂರಿಸುತ್ತಿದ್ದಳು. ಮಾತು ಕಡಿಮೆ. ತಾಯಿ ಬಾಯಿ ಜೋರು ಮಾಡಿದಾಗಲೆಲ್ಲ ಒಳಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳುವ ಸ್ವಭಾವ.

ಗಂಡು ಬಂದದ್ದು ಸತ್ತೇಗಾಲದಿಂದ. ನಟರಾಜು, ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಅವನ ಅಪ್ಪ ಶಿವನಂಜಯ್ಯನಿಗೆ ಒಂದಿಷ್ಟು ಕಬ್ಬಿನ ಗದ್ದೆ, ತೆಂಗು. ಹುಡುಗ ಹುಡುಗಿಯನ್ನು ನೋಡಿದ, ಒಪ್ಪಿದೆ ಎಂದ. ನಾಗಶ್ರೀಯೂ ತಲೆಯಾಡಿಸಿದಳು. ಸುಗ್ಗಿ ಕಳೆದ ಮೇಲೆ ಕಾಮಗೆರೆಯ ಮನೆ ಮುಂದೆ ಶಾಮಿಯಾನ ಹಾಕಿ ವೀಳ್ಯಶಾಸ್ತ್ರ ಮಾಡಿದರು. ಸತ್ತೇಗಾಲದವರು ಒಂದು ಟೆಂಪೋ ತುಂಬ ಬಂದರು.

ಊಟದ ಪಂಕ್ತಿಯಲ್ಲಿ ಅದು ನಡೆಯಿತು. ಚಿಕ್ಕಮಾದಮ್ಮ ಬೀಗರ ಎಲೆಗೆ ತಾನೇ ಪಾಯಸ ಬಡಿಸಬೇಕೆಂದು ಬಕೆಟ್ಟು ಹಿಡಿದು ಬಂದಿದ್ದಳು. ಶಿವನಂಜಯ್ಯ ತಮಾಷೆಯ ಮನುಷ್ಯ ಎಂದು ಹೆಸರಾದವನು. ಎದುರು ಸಾಲಿನಲ್ಲಿ ಮಗನ ಪಕ್ಕ ಕೂತಿದ್ದ ನಾಗಶ್ರೀಯನ್ನು ನೋಡಿ, ಇಡೀ ಪಂಕ್ತಿಗೆ ಕೇಳುವಂತೆ ಎಂದ:

“ಬೀಗ್ತಿ, ಅಂಗ್ಡೀಲಿ ಮಾತ್ರ ಅನ್ಕಂಡಿದ್ದೆ ಕಣವ್ವ. ಮನೇಲೂ ಒಂದ್ ಬಾಯ್ಲರ್ ಮೇಸಿದ್ದೀರಿ!”

ಪಂಕ್ತಿ ಗೊಳ್ಳೆಂದಿತು. ಯಾರೋ ಕೆಮ್ಮಿದರು, ಯಾರೋ ಎಲೆಯ ಮೇಲೆ ಕೈ ಬಡಿದರು. ನಟರಾಜು ಕರವಸ್ತ್ರ ಬಾಯಿಗಿಟ್ಟುಕೊಂಡ. ಚಿಕ್ಕಮಾದಮ್ಮನೂ ಹಲ್ಲು ಬಿಟ್ಟಳು. ಹೆಣ್ಣಿನ ತಾಯಿ, ಕೈಯಲ್ಲಿ ಪಾಯಸದ ಸೌಟು, ಬೀಗರ ಎಲೆ ಮುಂದೆ. ಆ ಹೊತ್ತಿಗೆ ಬಾಯಿ ತಾನಾಗಿಯೇ ಬಿಟ್ಟುಕೊಂಡಿತು. “ಇನ್ನೊಂದ್ ಸೌಟು ಆಕಂಬುಡಿ ಬೀಗ್ರೇ” ಎಂದು ಮುಂದಿನ ಎಲೆಗೆ ಹೋದಳು. ನಾಗಶ್ರೀ ರೇಷ್ಮೆ ಸೀರೆಯ ಸೆರಗು ಎಳೆದುಕೊಂಡು ಎಲೆ ನೋಡುತ್ತ ಕೂತಿದ್ದಳು. ಹೋಳಿಗೆ ಮುರಿದದ್ದು ಹಾಗೆಯೇ ಇತ್ತು.

ಅಂದಿನಿಂದ ಚಿಕ್ಕಮಾದಮ್ಮನ ಎದೆಯೊಳಗೆ ಏನೋ ಒಂದು ಕಡಿಯತೊಡಗಿತು. ಅದು ಶಿವನಂಜಯ್ಯನ ಮೇಲಿನ ಸಿಟ್ಟು ಎಂದುಕೊಂಡು ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಹಾರಾಡಿದಳು. ವಾರ ಕಳೆದ ಮೇಲೆ ನಟರಾಜನ ತಾಯಿ ಶಿವಮ್ಮ ಫೋನು ಮಾಡಿದಳು. ಬೆಣ್ಣೆಯಂಥ ದನಿ.

“ಬೀಗ್ತಿ, ಬ್ಯಾಸ್ರ ಮಾಡ್ಕಬೇಡಿ. ಮೊಗಕ್ಕೆ ವಸಿ ಅನ್ನ ಕಮ್ಮಿ ಮಾಡಿ. ಮದ್ವೆ ಫೋಟಾದಲ್ಲಿ ಜೋಡಿ ಚೆಂದಾಗಿ ಕಾಣ್ಬೇಕಲ್ವಾ.”

“ಆಯ್ತು ಕಣವ್ವ” ಎಂದಳು ಚಿಕ್ಕಮಾದಮ್ಮ. ಫೋನು ಇಟ್ಟ ಮೇಲೆ ಕೊರಡಿನ ಮೇಲಿದ್ದ ಕೋಳಿಯನ್ನು ಎಷ್ಟು ಜೋರಾಗಿ ಕಡಿದಳೆಂದರೆ, ಮೂಳೆಯ ಚೂರು ಹಾರಿ ಗಿರಾಕಿ ಗೋವಿಂದಯ್ಯನ ಶರಟಿಗೆ ಬಡಿಯಿತು. ಗೋವಿಂದಯ್ಯ ಎದುರಿನ ಟೀ ಅಂಗಡಿಯವನು, ನೇರ ಮಾತಿನವನು. “ಕೋಳಿ ಅದಾಗ್ಲೇ ಸತ್ತದೆ ಕಣಮ್ಮಿ” ಎಂದ. ಅವಳು ಇನ್ನೊಂದು ಏಟು ಹಾಕಿದಳು. ಮಗಳಿಗೆ ಶಿವಮ್ಮನ ಮಾತನ್ನು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ನಾಗಶ್ರೀಯ ಕೆನ್ನೆ ಇಳಿಯುತ್ತ ಬಂತು. ಮದುವೆ ಹತ್ತಿರ ಬಂದ ಹೆಣ್ಣು, ಇಳಿಯಬಹುದು ಎಂದುಕೊಂಡಳು ತಾಯಿ. ಬುತ್ತಿಯ ಡಬ್ಬಿ ದಿನವೂ ಖಾಲಿಯಾಗಿ ಬರುತ್ತಿತ್ತು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ನಾಯಿಗಳು ಅದನ್ನು ಖಾಲಿ ಮಾಡುತ್ತಿದ್ದವು ಎಂಬುದು ಅವಳಿಗೆ ತಿಳಿಯಲಿಲ್ಲ.

ಒಂದು ಭಾನುವಾರ, ಅಂಗಡಿಯ ಮುಂದೆ ಪಂಕ್ಚರ್ ಅಂಗಡಿಯವರೆಗೂ ಜನ ನಿಂತಿದ್ದಾಗ ಫೋನು ಬಂತು. ನಾಗಶ್ರೀ ಜೊತೆ ಕೆಲಸ ಮಾಡುವ ಹುಡುಗಿ. “ಆಂಟಿ, ಗಾಬ್ರಿಯಾಗ್ಬೇಡಿ. ನಾಗು ವಾರ್ಡ್‌ನಲ್ಲಿ ಬಿದ್ಬುಟ್ಳು. ಡ್ರಿಪ್ ಹಾಕವ್ರೆ.”

ಚಿಕ್ಕಮಾದಮ್ಮ ಮಚ್ಚು ಕೆಳಗಿಟ್ಟಳು. ಅರ್ಧ ಕಡಿದ ಕೋಳಿ ಕೊರಡಿನ ಮೇಲೆಯೇ ಇತ್ತು. ಕೈ ತೊಳೆದು, ಸೀರೆಯ ಸೊಂಟಕ್ಕೆ ಕಟ್ಟಿದ ಪ್ಲಾಸ್ಟಿಕ್ ಬಿಚ್ಚಿ ಎಸೆದು, ಷಟರಿನ ಕೊಕ್ಕೆಗೆ ಕೈ ಹಾಕಿದಳು.

“ಏ, ಏ, ಮಾದಮ್ಮ! ನನ್ ಕೋಳಿ ಅರ್ಧ ಆಗದೆ!”

“ಮಿಕ್ಕಿದ್ದ ಅಲ್ಲಿಂದ್ಲೇ ಕಚ್ಕಂಡು ತಿನ್ನು” ಎಂದು ಷಟರ್ ಎಳೆದಳು. ಗಂಡ ಸತ್ತಾಗ ಬಿಟ್ಟರೆ ಆ ಅಂಗಡಿ ಭಾನುವಾರ ಮುಚ್ಚಿದ್ದು ಅದೇ ಮೊದಲು.

ನರ್ಸಿಂಗ್ ಹೋಮಿನಲ್ಲಿ ನಾಗಶ್ರೀ ತಾನೇ ದಿನವೂ ಹಾಸಿಗೆ ಹಾಸುತ್ತಿದ್ದ ಮಂಚದ ಮೇಲೆ ಮಲಗಿದ್ದಳು. ಕೈಗೆ ಸೂಜಿ. ತುಟಿ ಒಡೆದು ಬಿಳಿಚಿಕೊಂಡಿತ್ತು. ಡಾಕ್ಟರಮ್ಮ ಚಿಕ್ಕಮಾದಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದರು: “ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತಮ್ಮ ಇವಳು? ಥೈರಾಯ್ಡ್ ಮಾತ್ರೇನೂ ಎರಡೆರಡು ನುಂಗಿದಾಳೆ, ಬೇಗ ಸಣ್ಣ ಆಗಬೇಕು ಅಂತ. ನರ್ಸ್ ಆಗಿ ಇವಳಿಗೆ ಗೊತ್ತಿಲ್ವಾ?”

ಚಿಕ್ಕಮಾದಮ್ಮ ಮಂಚದ ಬಳಿ ಬಂದು ನಿಂತಳು.

“ಯಾಕ್ ಮೊಗ? ಯಾರ್ ಯೋಳುದ್ರು ನಿಂಗ?”

ನಾಗಶ್ರೀ ಗೋಡೆ ಕಡೆ ತಿರುಗಿದಳು. ಎರಡು ಸಲ ಕೇಳಿದ ಮೇಲೆ ಬಾಯಿ ಬಿಟ್ಟಳು. “ದಿನಾ ಸಂಜೆ ಫೋನ್ ಮಾಡ್ತಾರೆ ಅವ್ರು. ಏನ್ ಬಾಯ್ಲರ್, ಇವತ್ತು ಏನ್ ಮೇಯ್ದೆ ಅಂತಾರೆ. ಏನೂ ಇಲ್ಲ ಅಂದ್ರೆ ನಗ್ತಾರೆ, ಗುಡ್ ಅಂತಾರೆ.”

“ಯಾರು? ನಟ್ರಾಜಾ?”

“ಊ.”

ಚಿಕ್ಕಮಾದಮ್ಮ ಮಗಳ ಕಾಲಿನ ಮೇಲೆ ಹೊದಿಕೆ ಎಳೆದಳು. “ಈಗ್ ಬತ್ತೀನಿ” ಎಂದು ಹೊರಗೆ ಬಂದವಳು ನೇರ ಬಸ್‌ಸ್ಟ್ಯಾಂಡಿಗೆ ನಡೆದು ಸತ್ತೇಗಾಲದ ಬಸ್ಸು ಹತ್ತಿದಳು. ಕಂಡಕ್ಟರು ಟಿಕೆಟ್ ಎಂದಾಗ ಅವನನ್ನು ಎಷ್ಟು ಕೆಕ್ಕರಿಸಿ ನೋಡಿದಳೆಂದರೆ, ಅವನು ಮುಂದಿನ ಸೀಟಿಗೆ ಹೋಗಿ ಆಮೇಲೆ ವಾಪಸು ಬಂದ. ಕಿಟಕಿಯಾಚೆ ಭತ್ತದ ಗದ್ದೆಗಳು ಹಸಿರಾಗಿ ಓಡುತ್ತಿದ್ದವು. ಅವಳ ಕಣ್ಣಿಗೆ ಯಾವುದೂ ಬೀಳಲಿಲ್ಲ. ಮೇಯ್ದೆ ಎಂಬ ಮಾತೊಂದೇ ತಲೆಯಲ್ಲಿ ಸುತ್ತುತ್ತಿತ್ತು. ತಿಂದೆಯಾ ಎನ್ನಲಿಲ್ಲ, ಉಂಡೆಯಾ ಎನ್ನಲಿಲ್ಲ.

ಶಿವನಂಜಯ್ಯನ ಮನೆಯಲ್ಲಿ ಭಾನುವಾರದ ಊಟ ನಡೆಯುತ್ತಿತ್ತು. ನಡುಮನೆಯಲ್ಲಿ ಅಪ್ಪ, ಮಗ ತಟ್ಟೆ ಮುಂದೆ ಕೂತಿದ್ದರು. ತಟ್ಟೆಯಲ್ಲಿ ಮುದ್ದೆ, ಕೋಳಿ ಸಾರು. ತುಂಡುಗಳ ಗಾತ್ರ ನೋಡಿದರೇ ಚಿಕ್ಕಮಾದಮ್ಮನಿಗೆ ಗೊತ್ತಾಗುತ್ತದೆ, ಅದು ಬಾಯ್ಲರ್.

“ಅಯ್ಯೋ ಬೀಗ್ತಿ! ಏಳ್ದೆ ಕೇಳ್ದೆ ಬಂದ್ರಲ್ಲ! ಬನ್ನಿ, ತಟ್ಟೆ ಆಕ್ತೀನಿ” ಎಂದು ಶಿವಮ್ಮ ಎದ್ದಳು.

“ತಟ್ಟೆ ಬ್ಯಾಡ. ನನ್ ಮಗ್ಳು ಆಸ್ಪತ್ರೇಲಿ ಬಿದ್ದವ್ಳೆ.”

ನಟರಾಜು ತುತ್ತು ಕೆಳಗಿಟ್ಟ. “ಏನಾಯ್ತತ್ತೆ?”

“ನೀನ್ ಏಳ್ದಂಗೆ ಮಾಡವ್ಳೆ. ಮೇಯ್ದಿಲ್ಲ.”

ಶಿವಮ್ಮನೇ ಮೊದಲು ಸುಧಾರಿಸಿಕೊಂಡಳು. “ನಾವು ಒಳ್ಳೇದುಕ್ಕೇ ಏಳಿದ್ದು ಕಣವ್ವ. ಮೈ ಇಳುದ್ರೆ ಅವ್ಳ್ಗೇ ಆರೋಗ್ಯ ಅಲ್ವಾ?”

“ಆರೋಗ್ಯನಾ? ಅವ್ಳ ಆರೋಗ್ಯಕ್ಕೆ ಡಾಕ್ಟ್ರವ್ರೆ, ಮಾತ್ರೆ ಅದೆ. ನೀವ್ ಕೊಟ್ಟಿದ್ದು ಬರೀ ಅಡ್ಡೆಸ್ರು.” ಅವಳು ಬೆರಳು ಚಾಚಿ ಶಿವನಂಜಯ್ಯನ ತಟ್ಟೆ ತೋರಿಸಿದಳು. “ಬಾಯ್ಲರ್ ಅಂದ್ರೆ ಏನು ಬೀಗ್ರೇ? ದಿನಾ ಕುಯ್ಯೋಳು ನಾನು, ಕೇಳಿ. ತಿನ್ನಕ್ಕೇಂತ್ಲೇ ಮೇಸಿ ಬೆಳ್ಸೋದು. ಮೈ ಬೆಳೀತದೆ, ಕಾಲು ಬೆಳ್ಯಲ್ಲ. ಕೊನೇ ವಾರ ಎದ್ದು ನಿಲ್ಲಕ್ಕೂ ಆಗ್ದೆ ಪಂಜರದಲ್ಲಿ ಒಂದ್ರ ಮ್ಯಾಲೊಂದು ಕೂತಿರ್ತವೆ. ನನ್ ಮಗ್ಳು ಅಂಗವ್ಳಾ? ನಿಮ್ಮಂತೋರ್ನ ಒಬ್ಳೇ ಎತ್ತಿ ಮಂಚಕ್ಕಾಕ್ತಾಳೆ ಅವ್ಳು! ನೀವು ಅವ್ಳ್ನ ಮನೆ ತುಂಬಿಸ್ಕಳಕ್ಕೆ ಕೇಳುದ್ರೋ, ತೂಗಿ ತಿನ್ನಕ್ಕೆ ಕೇಳುದ್ರೋ?”

“ತಮಾಷೆ ಮಾತ್ನ ಇಷ್ಟಕ್ಕೆ ತರ್ಬಾರ್ದು ಬೀಗ್ತಿ” ಎಂದ ಶಿವನಂಜಯ್ಯ. ಅವನ ಮುಖ ಕೆಂಪಾಗಿತ್ತು. “ಅವತ್ತು ಪಂಕ್ತೀಲಿ ಯಾರ್ಗೂ ಬ್ಯಾಸ್ರ ಆಗ್ಲಿಲ್ವಲ್ಲ.”

“ಯಾರ್ಗೂ ಆಗ್ಲಿಲ್ಲ ಅಂತ ಯಾರ್ ಯೋಳುದ್ರು? ಇವ್ನ ಕೇಳಿ. ಎಡ್ತಿ ಆಗೋಳ್ನ ನಿಮ್ಮಪ್ಪ ಅಂಗಂದಾಗ ನೀನ್ ಏನ್ ಮಾಡ್ದೆ ನಟ್ರಾಜ?”

ನಟರಾಜು ತಲೆ ಎತ್ತಿದ. ಅವನ ದನಿಯಲ್ಲಿ ಹಟವಿತ್ತು. “ನಕ್ಕೆ. ಎಲ್ರೂ ನಕ್ರು ಅತ್ತೆ. ನೀವೂ ನಕ್ರಿ. ನಾನ್ ನೋಡ್ದೆ.”

ಅಷ್ಟು ದಿನ ಒಳಗೆ ಕಡಿಯುತ್ತಿದ್ದದ್ದು ಏನೆಂದು ಆ ಗಳಿಗೆಯಲ್ಲಿ ಚಿಕ್ಕಮಾದಮ್ಮನಿಗೆ ಗೊತ್ತಾಯಿತು. ಕಂಬಕ್ಕೆ ಕೈ ಕೊಟ್ಟು ನಿಂತಳು.

“ಊ. ನಕ್ಕೆ. ನನ್ ಬಾಯ್ಗೆ ಮಣ್ಣಾಕ. ಎಣ್ಣು ಎತ್ತೋಳು ಅಂತ ಎದ್ರುಕಂಡು ನಕ್ಕೆ. ಅದ್ಕೇ ಇವತ್ತು ಬಂದಿರೋದು.” ಅವಳ ದನಿ ಬೀದಿಗೆ ಕೇಳುತ್ತಿತ್ತು, ಪಕ್ಕದ ಮನೆಯವರು ಬಾಗಿಲಿಗೆ ಬಂದಿದ್ದರು. “ಈ ಮದ್ವೆ ಆಗಲ್ಲ. ನೀವ್ ಕೊಟ್ಟ ಉಂಗ್ರ, ಸೀರೆ ಕಳುಸ್ತೀನಿ. ಉಣ್ಣಿ, ಸಾರು ಆರೋಯ್ತದೆ.”

ಕೊಳ್ಳೇಗಾಲಕ್ಕೆ ಹಿಂದಿರುಗುವಾಗ ಅವಳಿಗೆ ಮೈ ಹಗುರಾಗಿತ್ತು. ಮಗಳಿಗಾಗಿ ಒಂದು ಯುದ್ಧ ಗೆದ್ದು ಬಂದಂತೆ. ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ಕಟ್ಟಿಸಿಕೊಂಡು ನರ್ಸಿಂಗ್ ಹೋಮಿಗೆ ಬಂದು, ಪೊಟ್ಟಣ ಬಿಚ್ಚುತ್ತಲೇ ಹೇಳಿದಳು: “ಮುರ್ದಾಕ್ಬುಟ್ಟು ಬಂದೆ ಕನ ಮೊಗ. ಇನ್ನು ಅವ್ನ ಫೋನು ಎತ್ಬ್ಯಾಡ. ಉಣ್ಣು.”

ನಾಗಶ್ರೀ ಎದ್ದು ಕೂತಳು. ಇಡ್ಲಿಯ ಕಡೆ ನೋಡಲಿಲ್ಲ.

“ಏನ್ ಮುರ್ದಾಕ್ದೆ?”

“ಮದ್ವೇನ.”

“ಯಾರ್ದು?”

“ಯಾರ್ದು ಅಂದ್ರೆ?”

“ನಂದಲ್ವಾ ಅದು?” ನಾಗಶ್ರೀಯ ದನಿ ಅಷ್ಟು ಏರಿದ್ದನ್ನು ಚಿಕ್ಕಮಾದಮ್ಮ ಎಂದೂ ಕೇಳಿರಲಿಲ್ಲ. ಪಕ್ಕದ ಮಂಚದ ಮುದುಕಿ ತಿರುಗಿ ನೋಡಿದಳು. “ನನ್ನ ಒಂದ್ ಮಾತು ಕೇಳ್ದೆ ಅವ್ರು ನನ್ ಮೈ ಇಳುಸ್ತಾರೆ. ನನ್ನ ಒಂದ್ ಮಾತು ಕೇಳ್ದೆ ನೀನ್ ಓಗಿ ಮದ್ವೆ ಮುರುದ್ಬುಟ್ಟು ಬತ್ತೀಯ. ಬೀದೀಲಿ ನಿಂತ್ಕಂಡು ಕೂಗಾಡಿರ್ತೀಯ ಬ್ಯಾರೆ. ನಾನೇನ್ ನಿನ್ ಪಂಜರದ ಕೋಳಿಯಾ?”

“ಅವ್ನು ನಿನ್ನ ಬಾಯ್ಲರ್ ಅಂದ್ನಲ್ಲ ಕೂಸೇ, ನಂಗ ತಡ್ಯಕ್ಕಾಗ್ಲಿಲ್ಲ…”

“ಮೊದ್ಲು ಅಂದೋಳು ಯಾರವ್ವ? ಅವ್ನಾ?”

ಚಿಕ್ಕಮಾದಮ್ಮ ಬಿಚ್ಚಿದ ಪೊಟ್ಟಣವನ್ನು ಮತ್ತೆ ಮಡಿಸಿದಳು.

“ನೀನು. ನನ್ ಬಾಯ್ಲರ್ ಮರಿ, ನನ್ ಬಾಯ್ಲರ್ ಮರಿ ಅಂತ ಅಂಗ್ಡೀಲಿ ಕೂರುಸ್ಕಂಡು ಬಂದೋರ್ಗೆಲ್ಲ ತೋರುಸ್ತಿದ್ದೆ. ಅಲ್ಲಿಂದ ಇಸ್ಕೂಲ್ಗೆ ಓಯ್ತು. ಅಟೆಂಡೆನ್ಸ್ ಕೂಗ್ದಾಗ್ಲೂ ಇಂದಿಂದ ಬಾಯ್ಲರ್ ಅನ್ನೋರು. ಅಳ್ತಾ ಬಂದ್ರೆ ನೀನ್ ಏನಂದೆ ಗೊತ್ತಾ? ಅನ್ಲಿ ಬುಡು, ಅದೇ ನಮ್ ಅನ್ನ ಅಂದೆ.”

ಚಿಕ್ಕಮಾದಮ್ಮನಿಗೆ ನೆನಪಿತ್ತು. ಮರೆತಿರಲಿಲ್ಲ, ಅದೊಂದು ನೆನಪಿಟ್ಟುಕೊಳ್ಳುವ ಸಂಗತಿ ಎಂದು ಅವಳಿಗೆ ಅನಿಸಿರಲೇ ಇಲ್ಲ. ಮೂರು ವರ್ಷದ ನಾಗಶ್ರೀ ಮೇವಿನ ಚೀಲದ ಮೇಲೆ ಕೂತು, ತೋಳಿನ ಮಡಿಕೆ ಮಡಿಕೆಗಳಲ್ಲಿ ಪೌಡರು, ಕೈಯಲ್ಲಿ ಬಾಳೆಹಣ್ಣು. ಅವಳಪ್ಪ ಎತ್ತಿ ತಕ್ಕಡಿಯಲ್ಲಿ ಕೂರಿಸುತ್ತಿದ್ದ. ಬಂದವರು ಕೆನ್ನೆ ಹಿಂಡುತ್ತಿದ್ದರು. ಅದಕ್ಕಿಂತ ಮುದ್ದಿನ ಮಾತು ಆ ಮನೆಯಲ್ಲಿ ಇನ್ನೊಂದು ಇರಲಿಲ್ಲ.

ಅಂದು ಅವಳು ಇಡ್ಲಿಯ ಪೊಟ್ಟಣ ಮಂಚದ ಮೇಲಿಟ್ಟು ಹೊರಗೆ ಮೆಟ್ಟಿಲ ಮೇಲೆ ಕೂತಳು. ಸಿಟ್ಟು ಇನ್ನೂ ಇತ್ತು, ತುಂಬಿ ತುಳುಕುತ್ತಿತ್ತು, ಸುರಿಯಲು ಯಾರೂ ಎದುರಿರಲಿಲ್ಲ. ಮಂಟೇಸ್ವಾಮಿಯ ಮೇಲೂ ಬಂತು. ಊರಿನ ಮೇಲೆ, ಇಸ್ಕೂಲಿನ ಮೇಲೆ, ತನ್ನ ನಾಲಗೆಯ ಮೇಲೆ. ಕೈ ನೋಡಿಕೊಂಡಳು, ಉಗುರಿನ ಸಂದಿಯಲ್ಲಿ ಬೆಳಗಿನ ರಕ್ತ ಒಣಗಿತ್ತು. ಅದನ್ನು ಸೆರಗಿಗೆ ಉಜ್ಜಿದಳು. ಹೋಗಲಿಲ್ಲ. ಒಳಗೆ ಹೋಗಿ ನೋಡಿದಾಗ ಒಂದು ಇಡ್ಲಿ ಮುಗಿದಿತ್ತು.

ಮಗಳು ಮನೆಗೆ ಬಂದಳು. ಇಬ್ಬರ ನಡುವೆ ಬೇಕಾದಷ್ಟೇ ಮಾತು: ಮಾತ್ರೆ ತಕಂಡ್ಯಾ, ನೀರು ಕಾದದೆ, ಬಾಗ್ಲು ಆಕ್ಕೊ. ಹೀಗಿರುವಾಗ ಒಂದು ಮಧ್ಯಾಹ್ನ ನಟರಾಜು ಬೈಕಿನಲ್ಲಿ ಬಂದು ಅಂಗಡಿ ಮುಂದೆ ನಿಂತ. ಇಸ್ತ್ರಿ ಮಾಡಿದ ಶರಟು, ಕೈಯಲ್ಲಿ ಸೇಬಿನ ಹಣ್ಣಿನ ಕವರು.

“ಅತ್ತೆ, ಅಪ್ಪ ಯೋಳ್ ಕಳ್ಸವ್ರೆ. ನೀವ್ ಅವತ್ತು ಆಡ್ದ ಮಾತ್ನೆಲ್ಲ ನಾವ್ ಮನ್ಸಿಗಾಕಂಡಿಲ್ಲ. ಮರ್ತ್ಬುಟ್ಟೀವಿ. ಮದ್ವೆ ನಡೀಲಿ.”

ಚಿಕ್ಕಮಾದಮ್ಮನ ಕಿವಿಯವರೆಗೂ ಬಿಸಿ ಏರಿತು. ಮರೆತಿರುವುದು ಇವರು! ಕ್ಷಮಿಸಿರುವುದು ಇವರು! ಬಾಯಿಗೆ ಬಂದ ಮಾತನ್ನು ಆಡಿದ್ದರೆ ಆ ಬೈಕು ಸತ್ತೇಗಾಲದವರೆಗೆ ತಿರುಗಿ ನೋಡದೆ ಓಡುತ್ತಿತ್ತು. ಹಲ್ಲು ಕಚ್ಚಿಕೊಂಡಳು. ದವಡೆ ನೋಯುವಷ್ಟು ಕಚ್ಚಿಕೊಂಡಳು.

“ನನ್ನ ಕೇಳ್ಬ್ಯಾಡ. ಅವ್ಳು ಮನೇಲವ್ಳೆ. ಅವ್ಳ ಕೇಳು.”

ಮನೆ ಅಂಗಡಿಯ ಹಿಂದೆಯೇ. ಅವನು ಓಣಿಗೆ ಹೋದ. ಇವಳು ಹಿಂದೆಯೇ ಬಂದು, ತೊಳೆಯದ ಕೈಯಲ್ಲಿ ಹಿತ್ತಲ ಬಾಗಿಲ ಬಳಿ ನಿಂತಳು. ನಾಗಶ್ರೀ ಡ್ಯೂಟಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದಳು. ನಟರಾಜು ಹಣ್ಣಿನ ಕವರು ಕಟ್ಟೆಯ ಮೇಲಿಟ್ಟು ಅದೇ ಮಾತು ಹೇಳಿದ. ಜೊತೆಗೆ ಇನ್ನೊಂದು ಸೇರಿಸಿದ: “ಪ್ರೀತಿಯಿಂದ ಅಂತಿದ್ದೆ ನಾಗು. ನಿಂಗೆ ಇಷ್ಟ ಇಲ್ಲ ಅಂದ್ರೆ ಅನ್ನಲ್ಲ.”

ನಾಗಶ್ರೀ ಜಡೆ ಮುಗಿಸಿ, ರಬ್ಬರು ಸುತ್ತಿ, ಅವನ ಕಡೆ ತಿರುಗಿದಳು. “ನಿಮ್ ಫೋನಲ್ಲಿ ನನ್ ನಂಬರ್ನ ಏನಂತ ಎಸ್ರಾಕಂಡಿದ್ದೀರಿ?”

“ಆ?”

“ನನ್ ಫೋನ್ ಬಂದ್ರೆ ನಿಮ್ಗೆ ಏನಂತ ಬತ್ತದೆ? ತೋರ್ಸಿ.”

ನಟರಾಜು ಜೇಬಿಗೆ ಕೈ ಹಾಕಿದ. ಫೋನು ಹೊರಗೆ ಬರಲಿಲ್ಲ. “ಅದು… ಎಂದೋ ಆಕಿದ್ದು. ಚೇಂಜ್ ಮಾಡ್ತೀನಿ.”

“ಇಷ್ಟ್ ದಿನ ಆಯ್ತು. ನಾನ್ ಡ್ರಿಪ್ ಆಕಿಸ್ಕಂಡು ಮಲಗಿದ್ದೂ ನಿಮ್ಗ್ ಗೊತ್ತು. ಇನ್ನೂ ಅಂಗೇ ಅದೆ.”

ಅವಳು ಒಳಗೆ ಹೋಗಿ ಸೀರೆಯ ಪೆಟ್ಟಿಗೆ ತಂದಳು. ಅದರ ಮೇಲೆ ಉಂಗುರ ಇಟ್ಟಳು. ಪೆಟ್ಟಿಗೆಯ ಪಕ್ಕ ಹಣ್ಣಿನ ಕವರನ್ನೂ ಇಟ್ಟಳು. “ತಕಂಡೋಗಿ. ನಮ್ಮವ್ವ ಏಳುದ್ಲು ಅಂತ ಅಲ್ಲ. ನಾನ್ ಏಳ್ತಿದ್ದೀನಿ.”

“ಯೋಚ್ನೆ ಮಾಡು. ನಿನ್ ಮೈಗೆ ಇನ್ನೊಂದ್ ಗಂಡು…” ಎಂದು ನಟರಾಜು ಶುರು ಮಾಡಿದ.

“ಓಗ್ರೀ ಆಚ್ಗೆ!”

ಆ ಕೂಗಿಗೆ ಪಂಜರದ ಕೋಳಿಗಳು ರೆಕ್ಕೆ ಬಡಿದವು. ಹಿತ್ತಲ ಬಾಗಿಲಲ್ಲಿ ಚಿಕ್ಕಮಾದಮ್ಮ ಒಂದು ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತಳು. ನಟರಾಜು ಪೆಟ್ಟಿಗೆ ಎತ್ತಿಕೊಂಡು, ಹಣ್ಣು ಬಿಟ್ಟು, ಬೈಕು ಏರಿ ಹೋದ. ತಾಯಿ ಮಗಳ ಮುಖ ನೋಡಿದಳು. ನಾಗಶ್ರೀ ಅಳುತ್ತಿದ್ದಳು, ಅಳುತ್ತಲೇ ಸೇಬಿನ ಕವರನ್ನು ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿಯಲು ಪಕ್ಕದ ಮನೆಯ ಹಿತ್ತಲಿಗೆ ನಡೆದಳು.

ಊರು ಸುಮ್ಮನಿರಲಿಲ್ಲ. ನಿಶ್ಚಯವಾದ ಹೆಣ್ಣು, ಸರ್ಕಾರಿ ಕೆಲಸದ ಗಂಡು, ತಾನಾಗಿ ಬೇಡವೆಂದಳಂತೆ. ಗೋವಿಂದಯ್ಯ ಅಂಗಡಿಗೆ ಬಂದು ಊರಿನ ಮಾತನ್ನು ಹಾಗೆಯೇ ಒಪ್ಪಿಸಿದ. “ತಾಯ್ಗೂ ಕೊಬ್ಬು, ಮಗ್ಳ್ಗೂ ಕೊಬ್ಬು ಅಂತಾವ್ರೆ ಕಣಮ್ಮಿ.”

ಚಿಕ್ಕಮಾದಮ್ಮ ಆಗ ಕೋಳಿಯ ಚರ್ಮ ಸುಲಿಯುತ್ತಿದ್ದಳು. ಹೊಟ್ಟೆಯ ಹತ್ತಿರದ ಹಳದಿ ಕೊಬ್ಬನ್ನು ಕಿತ್ತು ಹಿಡಿದು ಅವನ ಮುಖದ ಮುಂದೆ ತಂದಳು. “ಕೊಬ್ಬು ಅಂದ್ರೆ ಇದು. ನೋಡ್ಕೊ. ನನ್ ಮಗ್ಳು ಬ್ಯಾಡ ಅಂದಿದ್ದು ಕೊಬ್ಬಲ್ಲ. ಅವ್ರ್ಗೆ ಓಗಿ ಯೋಳು. ಇಲ್ಲ, ಅವ್ರ್ನೇ ಇಲ್ಲಿಗ್ ಕಳ್ಸು.” ಯಾರೂ ಬರಲಿಲ್ಲ. ಅಂಗಡಿಯಲ್ಲಿ ಬಾಯ್ಲರ್ ಮಾದಮ್ಮ ಎಂದು ಯಾರಾದರೂ ಕರೆದರೆ ಅವಳು ಕೇಳದವಳಂತೆ ಮುಂದಿನವರಿಗೆ ತೂಗುತ್ತಾಳೆ. ಅರ್ಧ ಊರು ಕಲಿತಿದೆ. ಅರ್ಧ ಊರು ಇನ್ನೂ ಅದೇ ಹೆಸರಿನಿಂದಲೇ ಕರೆಯುತ್ತದೆ, ಕಾಯುತ್ತ ನಿಲ್ಲುತ್ತದೆ.

ನಾಗಶ್ರೀ ಮುಂಗಾರು ಹಿಡಿಯುವ ಹೊತ್ತಿಗೆ ಹನೂರಿನಲ್ಲಿ ಬೇರೆ ಕೆಲಸ ನೋಡಿಕೊಂಡು, ಅಲ್ಲೇ ಒಂದು ರೂಮು ಮಾಡಿಕೊಂಡಳು. “ನಿನ್ ಮ್ಯಾಲೆ ಸಿಟ್ಟೋದ್ ದಿನ ಬತ್ತೀನಿ” ಎಂದು ಹೇಳಿಯೇ ಹೋದಳು. ಚಿಕ್ಕಮಾದ‌ಮ್ಮ ತಡೆಯಲಿಲ್ಲ; ಬಸ್ಸಿಗೆ ಹತ್ತಿಸಿ ಬಂದು ಇಡೀ ದಿನ ಗಿರಾಕಿಗಳನ್ನು ಹುರಿದು ಮುಕ್ಕಿದಳು. ಸೋಮವಾರ ಅಂಗಡಿಗೆ ಬಿಡುವು. ಪ್ರತಿ ಸೋಮವಾರ ಹುರುಳಿ ಸಾರೋ ಉಪ್ಪುಸಾರೋ ಮಾಡಿ, ಮುದ್ದೆ ಕಟ್ಟಿ, ಹನೂರಿಗೆ ಹೋಗತೊಡಗಿದಳು. ಮೊದಮೊದಲು ಮಗಳು ಡಬ್ಬಿ ಇಸಿದುಕೊಂಡು ಬಾಗಿಲಲ್ಲೇ ಕಳಿಸಿದಳು. ಆಮೇಲೆ ಒಳಗೆ ಕರೆದಳು. ಮೊನ್ನೆ ಡ್ಯೂಟಿ ಮುಗಿಸಿ ಬಂದವಳು, ಬಟ್ಟೆಯನ್ನೂ ಬದಲಿಸದೆ ನೆಲದ ಮೇಲೆ ಕೂತು ಎರಡು ಮುದ್ದೆ ಉಂಡಳು. ತಾಯಿ ಮೂರನೆಯದನ್ನು ಹಾಕಲು ಹೋದರೆ ಕೈ ಅಡ್ಡ ಹಿಡಿದಳು.

“ಸಾಕು ಅಂದ್ರೆ ಸಾಕು. ನನ್ ಒಟ್ಟೆ ನಂಗ ಗೊತ್ತಾಗಲ್ವಾ?”

“ಗೊತ್ತಾಯ್ತದೆ, ಗೊತ್ತಾಯ್ತದೆ” ಎಂದು ಚಿಕ್ಕಮಾದಮ್ಮ ಗೊಣಗಿದಳು. ಮಿಕ್ಕ ಮುದ್ದೆಯನ್ನು ತನ್ನ ತಟ್ಟೆಗೆ ಹಾಕಿಕೊಂಡು, ಮಗಳ ಎದುರು ಕೂತು, ಸಾರು ಸುರಿದುಕೊಂಡಳು.